ಸೂಜಿಗೆ ಮೈಯೊಡ್ಡುವ ಮುನ್ನ ಒಂಬತ್ತು ಸೂತ್ರ

ಮಂಡಿನೋವಿಗೆ ಮಾತ್ರೆ ನುಂಗಿ ಸಾಕಾದವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಒಮ್ಮೆ ಆಕ್ಯುಪಂಕ್ಚರ್ ಮಾಡಿಸಿ ನೋಡಿ.’ ಮಾಡಿಸಿ, ತಪ್ಪೇನಿಲ್ಲ. ಆದರೆ ಪವಾಡ ಬಯಸಿ ಹೋಗಬೇಡಿ, ಲೆಕ್ಕ ಇಟ್ಟುಕೊಂಡು ಹೋಗಿ.

1. ಮೊದಲು ಕಾಯಿಲೆ ಗೊತ್ತಾಗಲಿ
ಸೊಂಟನೋವಿನ ಹಿಂದೆ ಮೂತ್ರಪಿಂಡದ ಕಲ್ಲೂ ಇರಬಹುದು. ವೈದ್ಯರಿಂದ ತಪಾಸಣೆ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡೇ ಹೋಗಿ. ಎದೆನೋವು, ಹಠಾತ್ತನೆ ಕೈಕಾಲು ಸೋಲುವುದು, ಮಾತು ತೊದಲುವುದು, ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪುವುದು: ಇವಕ್ಕೆ ಸೂಜಿಯಲ್ಲ, ನೇರ ಆಸ್ಪತ್ರೆ.

2. ಯಾವುದಕ್ಕೆ ಫಲ, ತಿಳಿದಿರಲಿ
ಬಹುಕಾಲದ ಸೊಂಟ, ಕತ್ತು, ಮಂಡಿನೋವು, ಅರೆತಲೆನೋವು: ಹೆಚ್ಚು ಪುರಾವೆ ಇರುವುದು ಇವುಗಳಿಗೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂಬ ಬೋರ್ಡ್ ಕಂಡರೆ ಮುಂದಕ್ಕೆ ನಡೆಯಿರಿ.

3. ‘ಸರಿಯಾದ ಬಿಂದು’ವಿಗೆ ಜೋತುಬೀಳಬೇಡಿ
ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದಾಗ, ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ 47.6 ಮಂದಿಗೆ ಗುಣ ಕಂಡಿತ್ತು. ಬಿಂದು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಮಾಮೂಲಿ ಔಷಧ, ವ್ಯಾಯಾಮ ಪಡೆದವರಲ್ಲಿ ಶೇ 27.4. ಅಂದರೆ ಉಪಶಮನ ಸುಳ್ಳಲ್ಲ, ಆದರೆ ಬಿಂದುಗಳ ಮಹಿಮೆ ಹೇಳಿಕೊಳ್ಳುವಷ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಮಟ್ಟದ ಗುಣ ಸಿಗಲಿಲ್ಲ ಎಂಬುದನ್ನೂ ಮರೆಯಬೇಡಿ.

4. ಕೈ ಯಾರದೆಂದು ಕೇಳಿ
ಕೇಂದ್ರ ಸರ್ಕಾರ 2003ರಲ್ಲಿ ಆಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿತು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿಯಲ್ಲಿ ಇದೂ ಒಂದು ಪಾಠ. ಉಜಿರೆಯಲ್ಲಿ ಈ ಪದವಿಯ ಕಾಲೇಜು 1989ರಿಂದಲೇ ಇದೆ. ವಾರಾಂತ್ಯದ ಶಿಬಿರದಲ್ಲಿ ಕಲಿತು ಬಂದವರೂ ಸೂಜಿ ಹಿಡಿಯುತ್ತಾರೆ. ಓದಿದ್ದು ಏನು, ಎಲ್ಲಿ, ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

5. ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ
ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಆಗಬೇಕು. ‘ನಿಮ್ಮದೇ ಸೂಜಿ, ತೊಳೆದಿಟ್ಟಿದ್ದೇವೆ’ ಎಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ, ಎಚ್‌ಐವಿ ಹರಡಲು ಒಂದು ಕೊಳಕು ಸೂಜಿ ಸಾಕು.

6. ಮುಚ್ಚಿಡಬೇಡಿ
ಗರ್ಭಿಣಿಯೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ? ಪೇಸ್‌ಮೇಕರ್ ಇದೆಯೇ? ಕೇಳದಿದ್ದರೂ ಹೇಳಿ. ಹೆಬ್ಬೆರಳು–ತೋರುಬೆರಳ ನಡುವಿನ ಬಿಂದುವನ್ನು ಗರ್ಭಿಣಿಯರಲ್ಲಿ ಮುಟ್ಟಬಾರದೆಂಬುದು ಚೀನೀ ಪರಂಪರೆಯದೇ ನಿಯಮ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಹರಿಸುವ ವಿಧಾನ ಬೇಡ.

7. ತಿಂಡಿ ತಿಂದು, ಸಡಿಲ ಬಟ್ಟೆ ತೊಟ್ಟು ಹೋಗಿ
ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತಬಹುದು. ಸೂಜಿ ಸುಮಾರು ಕಾಲು ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳಿಲ್ಲ, ಇಂಜೆಕ್ಷನ್‌ನಷ್ಟು ನೋಯುವುದಿಲ್ಲ. ಹದಿನೈದರಿಂದ ಮೂವತ್ತು ನಿಮಿಷ ಅಲುಗಾಡದೆ ಮಲಗಬೇಕು. ಭಾರವೆನಿಸುವುದು, ಜುಮ್ಮೆನ್ನುವುದು ಸಹಜ; ಶಾಕ್ ಹೊಡೆದಂತಾದರೆ ತಕ್ಷಣ ಹೇಳಿ. ಮನೆಗೆ ಬಂದ ಮೇಲೆ ತೂಕಡಿಕೆ, ಚುಚ್ಚಿದಲ್ಲಿ ಸಣ್ಣ ನೀಲಿ ಕಲೆ ಇದ್ದರೆ ಹೆದರಬೇಡಿ. ಎದೆ ಅಥವಾ ಬೆನ್ನಿಗೆ ಚುಚ್ಚಿಸಿಕೊಂಡ ಮೇಲೆ ಉಸಿರಾಡಲು ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ. ಅಪರೂಪಕ್ಕೆ ಸೂಜಿ ಶ್ವಾಸಕೋಶಕ್ಕೆ ತಗುಲುವುದುಂಟು.

8. ಮನೆಯಲ್ಲೇ ಒತ್ತಿ ನೋಡಿ, ಹದವಾಗಿ
ಆಕ್ಯುಪ್ರೆಶರ್‌ಗೆ ಸೂಜಿ ಬೇಡ, ಬೆರಳು ಸಾಕು. ಕಲಿಯಲು ಸುಲಭವಾದ ಬಿಂದು ಒಂದಿದೆ: ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ಬಿಟ್ಟು, ಎರಡು ಸ್ನಾಯುರಜ್ಜುಗಳ ನಡುವೆ ಎರಡು–ಮೂರು ನಿಮಿಷ ಒತ್ತಿ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಇದರಿಂದ ಗುಣವಿದೆ ಎಂದು ಪ್ರಯೋಗಗಳು ಹೇಳುತ್ತವೆ. ಆಗುಂಬೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸಿದಾಗಲೂ ಒತ್ತಿ ನೋಡಬಹುದು, ಖರ್ಚಿಲ್ಲ. ಆದರೆ ಪ್ರಯಾಣದ ವಾಕರಿಕೆಗೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಗಾಯ, ಊತ, ಉಬ್ಬಿದ ರಕ್ತನಾಳಗಳ ಮೇಲೆ ಒತ್ತಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಮುಳ್ಳುಮುಳ್ಳಿನ ಆಕ್ಯುಪ್ರೆಶರ್ ಚಪ್ಪಲಿ ಮೆಟ್ಟುವುದೇ ಬೇಡ: ಗಾಯವಾದರೂ ಗೊತ್ತಾಗುವುದಿಲ್ಲ.

9. ಬರೆದಿಡಿ, ಮಿತಿ ಹಾಕಿ
ಶುರುವಿಗೆ ಮುನ್ನವೇ ನೋವಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಡೈರಿಯಲ್ಲಿ ಬರೆಯಿರಿ. ಎಷ್ಟು ಮೆಟ್ಟಿಲು ಹತ್ತಲಾಗುತ್ತಿದೆ, ವಾರಕ್ಕೆ ಎಷ್ಟು ನೋವಿನ ಮಾತ್ರೆ ಎಂಬುದೂ ಇರಲಿ. ಅರೆತಲೆನೋವು ತಡೆಯಲು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಹೇಳಿದ್ದು ಐದರಿಂದ ಎಂಟು ವಾರಗಳಲ್ಲಿ ಗರಿಷ್ಠ ಹತ್ತು ಸಿಟ್ಟಿಂಗ್. ಹಾಗಾಗಿ ಮೂವತ್ತು ಸಿಟ್ಟಿಂಗ್‌ಗಳ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಆರು ಸಲ ಆದ ಮೇಲೆ ಡೈರಿ ತೆರೆಯಿರಿ. ಅಂಕ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ‘ಇನ್ನೂ ನಾಲ್ಕು ಸಲ ಬನ್ನಿ’ ಎಂಬ ಮಾತಿಗೆ ಕಿವಿಗೊಡದೆ ನಿಲ್ಲಿಸಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಅದನ್ನು ತೀರ್ಮಾನಿಸಬೇಕಾದವರು ಅವನ್ನು ಬರೆದುಕೊಟ್ಟ ವೈದ್ಯರು.