ಪಿಂಪರಿಯ ಮಣ್ಣೂ ನಮ್ಮ ಉದರಾರೋಗ್ಯವೂ

ಭೋಸರಿಯ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡ ಬಂಧುಗಳಿಗೆ ಪಿಂಪರಿಯು ನೆರೆಯೂರು. ಅಲ್ಲಿ 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಸ್ಥಾಪಿತವಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯು ಪೆನಿಸಿಲಿನ್ ತಯಾರಿಕೆಗೆ ಹೆಸರಾಯಿತು. ಅದರ ಸಂಶೋಧನಾ ವಿಭಾಗವನ್ನು ಮುನ್ನಡೆಸಿದವರು ನಮ್ಮ ಮೈಸೂರು ಸೀಮೆಯವರೆಂಬುದು ಬಹುಮಂದಿಗೆ ತಿಳಿಯದು. ಅವರೇ ಡಾ. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ (1914–1999).

ಅವರ ವಿದ್ವತ್ತು ಮೊದಲು ಅರಳಿದುದು ಬೆಳೆಗಳನ್ನು ಕಾಡುವ ಶಿಲೀಂಧ್ರಗಳ ಅಧ್ಯಯನದಲ್ಲಿ. ಕಾಡಿಗೆ ರೋಗದ ಶಿಲೀಂಧ್ರಗಳನ್ನು ಕುರಿತು ಮುಂಡಕೂರರೊಡನೆ ಅವರು ರಚಿಸಿದ ಗ್ರಂಥ 1952ರಲ್ಲಿ ಪ್ರಕಟವಾಯಿತು. ಮುಂದೆ ಪಿಂಪರಿಯ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಗೆ ಊರಿನ ಹೆಸರನ್ನೇ ಕೂಡಿಸಿ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’ ಎಂದು ನಾಮಕರಣವಾಯಿತು. ಅದರಿಂದ ಪಡೆದ ಔಷಧವೇ ಹಾಮೈಸಿನ್. ಬೆಳೆಗಳ ಶಿಲೀಂಧ್ರ ರೋಗಗಳಿಗೆ ಬಳಸಿದ ಆರಿಯೋಫಂಜಿನ್ ಕೂಡ ಆ ಸಂಸ್ಥೆಯದೇ ಕೊಡುಗೆ. 1967ರಲ್ಲಿ ತಿರುಮಲಾಚಾರ್ಯರಿಗೆ ವೈದ್ಯಕೀಯ ವಿಜ್ಞಾನಕ್ಕಾಗಿ ಶಾಂತಿ ಸ್ವರೂಪ ಭಟ್ನಾಗರ್ ಪ್ರಶಸ್ತಿ ದೊರೆಯಿತು.

ಪೆನಿಸಿಲಿನ್ ಇದ್ದೂ ಇನ್ನೊಂದು ಔಷಧವೇಕೆ? ಪೆನಿಸಿಲಿನ್ ಬ್ಯಾಕ್ಟೀರಿಯಾಗಳ ಗೋಡೆಯನ್ನು ಕೆಡಿಸುತ್ತದೆ, ಶಿಲೀಂಧ್ರವನ್ನು ಮುಟ್ಟದು. ಹಾಮೈಸಿನ್ ಜಾತಿಯ ಔಷಧಗಳು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ದ್ರವ್ಯಕ್ಕೆ ಅಂಟಿಕೊಂಡು ಪೊರೆಯನ್ನು ತೂತುಮಾಡುತ್ತವೆ. ಈ ಭೇದದಲ್ಲಿಯೇ ನಮಗೊಂದು ಪಾಠವಿದೆ.

ನಮ್ಮ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವು ಸ್ಥಳವನ್ನೂ ಆಹಾರವನ್ನೂ ಆಕ್ರಮಿಸಿಕೊಂಡಿರುವುದರಿಂದಲೇ ಕ್ಯಾಂಡಿಡಾ ಮೊದಲಾದ ಶಿಲೀಂಧ್ರಗಳು ತಲೆಯೆತ್ತಲಾರವು. ನೆಗಡಿಗೂ ಸಾಧಾರಣ ಭೇದಿಗೂ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗಿದರೆ, ರೋಗಕ್ಕೆ ಕಾರಣವಾದ ವೈರಸ್ಸಿಗೆ ಏನೂ ಆಗದು. ಕಾವಲಿದ್ದ ಬ್ಯಾಕ್ಟೀರಿಯಾಗಳು ಮಾತ್ರ ನಾಶವಾಗುತ್ತವೆ. ಉಳಿದವುಗಳಲ್ಲಿ ಔಷಧಕ್ಕೆ ಬಗ್ಗದ ತಳಿಗಳು ಬೆಳೆಯುತ್ತವೆ. ನಾಳೆ ನಿಜವಾದ ಸೋಂಕು ಬಂದಾಗ ಅದೇ ಮಾತ್ರೆ ನಿಷ್ಫಲವಾದೀತು.

ಹೊಟ್ಟೆಯ ರಕ್ಷಣೆ ಉಗ್ರಾಣದಿಂದಲೇ ಆರಂಭವಾಗಬೇಕು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಅಕಾಲ ಮಳೆಯಿಂದ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ವಿಕಾರದಿಂದ ಮಡಿದರು. ಕಾರಣ, ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರವಿಷ. ಅಡಿಗೆಯ ಬೆಂಕಿಗೆ ಈ ವಿಷ ಪೂರ್ಣವಾಗಿ ನಾಶವಾಗದು. ಆದುದರಿಂದ ಬೂಷ್ಟು ಹಿಡಿದ, ಮುರುಟಿದ ಕಡಲೆಕಾಯಿಯನ್ನು ಹುರಿದು ಚಟ್ನಿಪುಡಿ ಮಾಡುವುದು ಉಳಿತಾಯವಲ್ಲ. ಮಳೆಗಾಲದಲ್ಲಿ ಕಾಳುಗಳನ್ನು ಚೆನ್ನಾಗಿ ಒಣಗಿಸಿ, ಬಿಗಿಮುಚ್ಚಳದ ಡಬ್ಬಿಗಳಲ್ಲಿ ಇಡತಕ್ಕದ್ದು.

ಎಲ್ಲ ಸೂಕ್ಷ್ಮಜೀವಿಗಳೂ ಶತ್ರುಗಳಲ್ಲ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನೊಸ್ಟಾಕ್ ಎಂಬುದನ್ನು 1965ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಅದು ಹುಟ್ಟಿಸುವ ಅನಿಲ ಹಿಟ್ಟನ್ನು ಉಬ್ಬಿಸಿದರೆ, ಅದರ ಆಮ್ಲವು ಅನೇಕ ಕೆಡುಕು ಜೀವಿಗಳನ್ನು ದೂರವಿಡುತ್ತದೆ. ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಆ ಜೀವಿಗಳು ಉಳಿಯವು. ತಾಜಾ ಮೊಸರಿನಲ್ಲಿ ಅಂಥ ಮಿತ್ರಜೀವಿಗಳು ಬದುಕಿರುತ್ತವೆ. ಊರು ಬಿಟ್ಟು ಬಂದರೂ ಮೊಸರನ್ನವನ್ನು ಬಿಡದಿರುವುದು ಬರಿಯ ಹಂಬಲವಲ್ಲ, ವಿವೇಕವೂ ಹೌದು.

ಭೇದಿಯಾದಾಗ ಮೊದಲು ಬೇಕಾದುದು ಮಾತ್ರೆಯಲ್ಲ, ನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಬೇಕು. ಅಳತೆಗೆ ಚಹಾ ಚಮಚವನ್ನೇ ಬಳಸಬೇಕು. ಮಲದಲ್ಲಿ ರಕ್ತ, ತೀವ್ರ ಜ್ವರ, ಮಗುವಿನಲ್ಲಿ ಮಂಕು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅವರು ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ ಸೇವಿಸಬೇಕು. ಉಳಿದುದನ್ನು ನೆರೆಯವರಿಗೆ ಹಂಚಬಾರದು.

ನೆರೆಯೂರಿನ ಮಣ್ಣಿನಿಂದ ಔಷಧವನ್ನು ತೆಗೆದುದು ವರ್ಷಗಳ ಪರಿಶ್ರಮದ ಫಲ. ಅಂಥ ಔಷಧಗಳ ಶಕ್ತಿಯನ್ನು ಮಕ್ಕಳ ಕಾಲಕ್ಕೂ ಉಳಿಸುವ ಹೊಣೆ ಪ್ರತಿಯೊಂದು ಮನೆಯದು.