ತೂತು ಮುಚ್ಚಿದ ಹೃದಯಕ್ಕೂ ಜೋಪಾನ ಬೇಕು

ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಆಪರೇಷನ್ ಆಯಿತು, ಈಗ ಅರವತ್ತು ದಾಟಿದ್ದೀರಿ. ಸಂತೋಷ. ಆದರೆ ಗೋಡೆಯ ಬಿರುಕು ಮುಚ್ಚಿಸಿದ ಮಾತ್ರಕ್ಕೆ ನಲ್ಲಿ ಪೈಪು ಕಟ್ಟಿಕೊಳ್ಳುವುದು ತಪ್ಪೀತೇ? ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳಲ್ಲಿ ಕೊಬ್ಬು ಕಟ್ಟುವ ಕಾಯಿಲೆ ಎಲ್ಲರಂತೆ ನಿಮಗೂ ಬರಬಹುದು.

• ಟ್ರಂಕಿನ ತಳದಲ್ಲಿರುವ ಹಳೆ ಆಪರೇಷನ್ ಕಾಗದ ಹುಡುಕಿ ತೆಗೆಯಿರಿ. ಫೋಟೋ ತೆಗೆಸಿ ಮಕ್ಕಳ ಮೊಬೈಲಿನಲ್ಲೂ ಇಡಿಸಿ. ಇಂಥ ಹೃದಯದಲ್ಲಿ ಕೊರೊನರಿ ನಾಳ ಬೇರೆ ಜಾಗದಿಂದ ಹೊರಟಿರಬಹುದು. ಆಂಜಿಯೋಗ್ರಾಂ ಮಾಡುವವರಿಗೆ ಅದು ಮೊದಲೇ ತಿಳಿದರೆ ಒಳ್ಳೆಯದು.

• ಮಹಾಪಧಮನಿ ಕಿರಿದಾಗಿದ್ದು ಸರಿಮಾಡಿಸಿಕೊಂಡವರು ಬಿಪಿಯನ್ನು ಬಲಗೈಯಲ್ಲಿ ನೋಡಿಸಿ. ಎಡಗೈ ಕೆಲವರಲ್ಲಿ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಇವರಿಗೆ ಬಿಪಿ ಏರುವುದುಂಟು.

• ಹೃದಯ ಬಲಗಡೆ ಇರುವವರು ಇಸಿಜಿ ತೆಗೆಯುವವರಿಗೆ ಮೊದಲೇ ಹೇಳಿ. ಅವರು ವೈರುಗಳನ್ನು ಬಲಗಡೆಗೆ ಹಚ್ಚಬೇಕಾಗುತ್ತದೆ.

• ದುಡ್ಡು ಉಳಿಸಲೆಂದು ಬಿಪಿ, ಕೊಲೆಸ್ಟ್ರಾಲ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಬೇಡಿ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಅಗ್ಗ.

• ಮಂಡಿನೋವಿಗೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯನ್ನು ಸುಮ್ಮನೆ ತಗೋಬೇಡಿ. ಕೆಲವು ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಹೃದಯಕ್ಕೂ ಭಾರ.

• ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಮೀರದಿರಲಿ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ ಅದರಲ್ಲೇ ಸೇರಿತು.

• ಬೋಂಡ ಕರಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಮತ್ತೆ ಕಾಯಿಸಬೇಡಿ. ಆ ಉಳಿತಾಯ ಆಸ್ಪತ್ರೆ ಬಿಲ್ಲಿಗೆ ಹೋಗುತ್ತದೆ.

• ಬೀಡಿ ಬಿಡಿ. ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪನ್ನೂ ಬಿಡಿ. ಹೊಗೆ ಬರದಿದ್ದರೂ ತಂಬಾಕು ತಂಬಾಕೇ.

• ಚಿಕ್ಕಂದಿನಲ್ಲಿ ಅಮ್ಮ "ಓಡಬೇಡ" ಅಂದಿದ್ದಕ್ಕೆ ಈಗಲೂ ಕೂತೇ ಇರಬೇಡಿ. ಎಷ್ಟು ನಡೆಯಬಹುದೆಂದು ಡಾಕ್ಟರನ್ನು ಕೇಳಿ, ಅಷ್ಟು ದಿನಾ ನಡೆಯಿರಿ.

• ಹೋದ ತಿಂಗಳು ಸಲೀಸಾಗಿ ಹತ್ತಿದ ಮೆಟ್ಟಿಲಿಗೆ ಈಗ ಏದುಸಿರು ಬಂದರೆ "ನನ್ನದು ಹಳೇ ತೊಂದರೆ" ಎಂದು ಸುಮ್ಮನಾಗಬೇಡಿ. ಹೊಸ ತೊಂದರೆ ಇರಬಹುದು, ತೋರಿಸಿ.

• ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಇಳಿದರೆ ಗ್ಯಾಸೆಂದು ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹೃದಯದ ಸ್ನಾಯು ಹೆಚ್ಚು ಸಾಯುತ್ತದೆ.

• ಚೆನ್ನಾಗಿದ್ದೇನೆ ಅನ್ನಿಸಿದರೂ ಹೃದ್ರೋಗ ತಜ್ಞರನ್ನು ಕಾಣುವುದು ಬಿಡಬೇಡಿ. ಈ ವಾರವೇ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಮೂರನ್ನೂ ನೋಡಿಸಿಕೊಂಡು ಬನ್ನಿ.