ಇಂದಿನ ಧಮ್ಮ ಚಿಂತನೆ: ಹೊಸ ಮನೆಗೆ ಮೊದಲು ಏನು?



ಮಧುಗಿರಿಯಲ್ಲಿ ಹೊಸ ಫ್ಲಾಟಿಗೆ ಹೋಗುತ್ತಿರುವ ನಮ್ಮ ಬಳಗದ ಸೋದರಿಯೊಬ್ಬರು ಕೇಳಿದರು: "ಫ್ರಿಜ್ಜು, ವಾಷಿಂಗ್ ಮಷೀನು, ದೊಡ್ಡ ಟಿವಿ ಎಲ್ಲ ಒಟ್ಟಿಗೇ ಕಂತಿನಲ್ಲಿ ತಗೊಂಡರೆ ತೃಷ್ಣೆ ಆಗುತ್ತಾ ಅಣ್ಣ?"

ಬುದ್ಧರು ಬಡತನವನ್ನು ಹೊಗಳಲಿಲ್ಲ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬರೆದಿದ್ದಾರೆ. ನಮ್ಮ ಅವ್ವಂದಿರು ಊರ ಬಾವಿ ಮುಟ್ಟಲಾಗದೆ, ಯಾರಾದರೂ ನೀರು ಹುಯ್ಯಲಿ ಎಂದು ಕಾದವರು. ಮಗಳ ಮನೆಯಲ್ಲಿ ಮಷೀನು ಬಟ್ಟೆ ಒಗೆದರೆ ತಪ್ಪೇನು?

ಆದರೆ ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಗಳಿಸಿದ್ದನ್ನು ಅನುಭವಿಸುವ ಸುಖವೂ ಇದೆ, ಸಾಲವಿಲ್ಲದ ಸುಖವೂ ಇದೆ. ದೀಘಜಾಣುವಿಗೆ ಹೇಳಿದ್ದೂ ಅದನ್ನೇ: ತಕ್ಕಡಿ ಹಿಡಿದವನಂತೆ ಆದಾಯ, ಖರ್ಚು ತೂಗಿ ನೋಡು. ಅದೇ ಸಮಜೀವಿತ.

ಹಾಗೆ ತೂಗಿದರೆ ನಮ್ಮ ಕಡೆ ಮೊದಲು ನೀರು. ಪಾವಗಡ, ಶಿರಾ, ಮಧುಗಿರಿಯ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಇದೆ. ಅದು ಕುದಿಸಿದರೆ ಹೋಗದು, ಬರೀ ಯುವಿ ಫಿಲ್ಟರಿಗೂ ಹೋಗದು, ಆರ್‌ಒ ಬೇಕು. ಹತ್ತಿರದಲ್ಲೇ ಶುದ್ಧ ನೀರಿನ ಘಟಕ ಇದ್ದರೆ ಆ ಖರ್ಚೂ ಉಳಿಯಿತು. ಆಮೇಲೆ ಫ್ರಿಜ್ಜು. ಅದು ಹಗಲೂ ರಾತ್ರಿ ಓಡುವಂಥದ್ದು. ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತಾರೆ, ಬಣ್ಣ ನೋಡುವ ಮೊದಲು ಅದನ್ನು ಓದಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ಟಿವಿ ಯಾರಿಗೆ, ಗೃಹಪ್ರವೇಶಕ್ಕೆ ಬರುವವರ ಕಣ್ಣಿಗಾ ಎಂದೆ. "ಅತ್ತೆಯ ಧಾರಾವಾಹಿಗೆ" ಎಂದು ನಕ್ಕರು. ಹಳೆಯದು ಓಡುತ್ತಿದೆಯಲ್ಲ, ಅದನ್ನೇ ತನ್ನಿ ಎಂದಿದ್ದೇನೆ. ಅತ್ತೆ ಇನ್ನೂ ಒಪ್ಪಿಲ್ಲವಂತೆ.